ತೀರ್ಪುಗಾರನಿಲ್ಲದ ಆಟದ ಅಂಗಳ

ಬೆಂಗಳೂರಿನ ದೊಮ್ಮಲೂರನ್ನು ದಾಟಿ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾರತ್ತಹಳ್ಳಿ, ವೈಟ್‌ಫೀಲ್ಡ್‌ಗಳ ಕಡೆಗೆ ಸಾಗುವ ಪ್ರವಾಸಿಗನಿಗೆ ಕಾಣುವುದು ವಾಹನಗಳ ದಟ್ಟಣೆ ಮತ್ತು ಗಾಜಿನ ಮಹಲುಗಳು. ಈ ಗದ್ದಲದ ಮಗ್ಗುಲಲ್ಲಿಯೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹದಿನೆಂಟು ಕುಳಿಗಳ ಹಸಿರು ಮೈದಾನವು ಹರಡಿಕೊಂಡಿದೆ. ಸಮೀಪದ ದೊಡ್ಡ ತಂತ್ರಾಂಶ ಸಮುಚ್ಚಯವೊಂದು ಈ ಆಟದ ಹೆಸರನ್ನೇ ತಾಳಿದೆ. ಆದರೆ ಇಂದು ಚೆಂಡು ಉರುಳುವ ಈ ನೆಲದಲ್ಲಿ ಒಂದು ಕಾಲಕ್ಕೆ ಚಲ್ಲಘಟ್ಟದ ಕೆರೆಯ ನೀರು ನಿಲ್ಲುತ್ತಿತ್ತು ಎಂಬುದನ್ನು ಬಲ್ಲವರು ವಿರಳ. ಕೋರಮಂಗಲ-ಚಲ್ಲಘಟ್ಟ ಕಣಿವೆ ಎಂಬ ಹೆಸರಿನಲ್ಲಿ ಆ ಊರಿನ ನೆನಪು ಉಳಿದುಬಂದಿದೆ.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ಹೈ ಗ್ರೌಂಡ್ಸ್ ಪ್ರದೇಶದ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೇ ಸ್ಥಾಪಿತವಾಯಿತು. ಬಹುಕಾಲ ಇದು ಆಂಗ್ಲ ಅಧಿಕಾರಿಗಳ, ಅನಂತರ ಸಿರಿವಂತರ ವಿನೋದವೆಂದೇ ಎಣಿಸಲ್ಪಟ್ಟಿತು. ಆ ಭಾವನೆಯು ಸಂಪೂರ್ಣ ಅಳಿದಿದೆಯೆಂದು ಹೇಳಲಾಗದು. ಆದರೂ ನಮ್ಮ ಕುಟುಂಬಗಳು, ಅದರಲ್ಲಿಯೂ ಮಕ್ಕಳು, ಈ ಆಟದಿಂದ ಕಲಿಯತಕ್ಕದ್ದು ಒಂದಿದೆ.

ಹವ್ಯಾಸಿ ಆಟಗಾರರ ಪಂದ್ಯಾವಳಿಯ ಫಲಿತಾಂಶ ಪಟ್ಟಿಯನ್ನು ಮೊದಲ ಸಲ ನೋಡುವವರಿಗೆ ಒಂದು ವಿಚಿತ್ರ ತೋರುತ್ತದೆ. ತೊಂಬತ್ತು ಹೊಡೆತಗಳಲ್ಲಿ ಆಟ ಮುಗಿಸಿದವನು ಗೆದ್ದಿರುತ್ತಾನೆ, ಎಂಬತ್ತರಲ್ಲಿ ಮುಗಿಸಿದವನು ಸೋತಿರುತ್ತಾನೆ. ಇದಕ್ಕೆ ಕಾರಣ ಹ್ಯಾಂಡಿಕ್ಯಾಪ್ ಎಂಬ ರಿಯಾಯಿತಿ. ತೊಂಬತ್ತು ಹೊಡೆದವನಿಗೆ ಹದಿನೆಂಟರ ರಿಯಾಯಿತಿ ಇದ್ದರೆ ಅವನ ನಿವ್ವಳ ಎಣಿಕೆ 72. ಎಂಬತ್ತು ಹೊಡೆದವನಿಗೆ ಆರರ ರಿಯಾಯಿತಿ ಇದ್ದರೆ ಅವನದು 74. ಹೀಗೆ ಕಲಿಯುವವನೂ ನುರಿತವನೂ ಸಮನಾಗಿ ಸ್ಪರ್ಧಿಸಬಲ್ಲರು. ಆದರೆ ಈ ರಿಯಾಯಿತಿ ನಿರ್ಧಾರವಾಗುವುದು ಆಟಗಾರನು ಹಿಂದಿನ ದಿನಗಳಲ್ಲಿ ಒಪ್ಪಿಸಿದ ಎಣಿಕೆಗಳಿಂದ. ಅವನು ಸುಳ್ಳು ಬರೆದರೆ ಇಡೀ ಪಟ್ಟಿಯೇ ಸುಳ್ಳಾಗುತ್ತದೆ.

ಕ್ರಿಕೆಟ್ಟಿನಲ್ಲಿ ದಾಂಡಿಗನು ಅಂಪೈರನ ಬೆರಳಿಗಾಗಿ ಕಾಯಬಹುದು. ಗಾಲ್ಫಿನ ವಿಶಾಲ ಬಯಲಿನಲ್ಲಿ ಪ್ರತಿಯೊಬ್ಬನ ಹಿಂದೆಯೂ ತೀರ್ಪುಗಾರನಿರುವುದಿಲ್ಲ. ಹುಲ್ಲಿನ ಮರೆಯಲ್ಲಿ ಚೆಂಡು ಅಲುಗಿದ್ದನ್ನು ಕಂಡವನು ಆಟಗಾರನೊಬ್ಬನೇ. ದಂಡದ ಹೊಡೆತವನ್ನು ತನ್ನ ಲೆಕ್ಕಕ್ಕೆ ತಾನೇ ಸೇರಿಸಿಕೊಳ್ಳಬೇಕು. ಅಮೆರಿಕದ ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರನು 1925ರ ಯು.ಎಸ್. ಓಪನ್ ಪಂದ್ಯದಲ್ಲಿ, ಬೇರಾರೂ ಕಾಣದಿದ್ದರೂ ತನ್ನ ಚೆಂಡು ಕದಲಿತೆಂದು ಹೇಳಿ ಒಂದು ಹೊಡೆತದ ದಂಡವನ್ನು ತಾನೇ ಹಾಕಿಕೊಂಡನು. ಆ ಒಂದು ಹೊಡೆತದಿಂದ ಪಂದ್ಯವು ಸಮವಾಗಿ, ನಂತರದ ನಿರ್ಣಾಯಕ ಆಟದಲ್ಲಿ ಆತನು ಸೋತನು. ಪ್ರಶಸ್ತಿ ಹೋಯಿತು, ಹೆಸರು ಇಂದಿಗೂ ಉಳಿಯಿತು.

ಪ್ರಾಮಾಣಿಕತೆಯೊಡನೆ ಎಚ್ಚರವೂ ಬೇಕು. ಗಾಲ್ಫಿನಲ್ಲಿ ಒಬ್ಬನ ಎಣಿಕೆಯನ್ನು ಜೊತೆಯವನು ಬರೆಯುತ್ತಾನೆ, ಕೊನೆಯಲ್ಲಿ ಇಬ್ಬರೂ ಸಹಿ ಹಾಕುತ್ತಾರೆ. 1968ರ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನದ ರಾಬರ್ಟೊ ಡಿ ವಿಸೆಂಜೊ ಅವರ ಒಂದು ಕುಳಿಯ ಮೂರು ಹೊಡೆತಗಳನ್ನು ಜೊತೆಯವರು ನಾಲ್ಕೆಂದು ಬರೆದರು. ಇವರು ಗಮನಿಸದೆ ಸಹಿ ಹಾಕಿದರು. ಹೆಚ್ಚಾಗಿ ಬರೆದ ಎಣಿಕೆಯೇ ಸ್ಥಿರವೆಂಬ ನಿಯಮದಂತೆ ಅಗ್ರಸ್ಥಾನಕ್ಕಾಗಿ ಸಮಬಲದ ಆಟವಾಡುವ ಅವಕಾಶ ತಪ್ಪಿತು. ಅವರು ಪರರನ್ನು ದೂರದೆ ತಮ್ಮನ್ನೇ ದೂಷಿಸಿಕೊಂಡರು. ಕಡಿಮೆ ಬರೆದು ಸಹಿ ಹಾಕಿದವನಾದರೋ ಸಾಮಾನ್ಯವಾಗಿ ಪಂದ್ಯದಿಂದಲೇ ಹೊರಬೀಳುತ್ತಾನೆ.

ಇನ್ನು ಮೈದಾನದ ನಡವಳಿಕೆ. 2019ರಲ್ಲಿ ಪರಿಷ್ಕೃತವಾದ ನಿಯಮಾವಳಿಯು ಪ್ರಾಮಾಣಿಕತೆ, ಪರರ ಬಗೆಗಿನ ಕಾಳಜಿ, ಮೈದಾನದ ರಕ್ಷಣೆ ಎಂಬ ಮೂರನ್ನು ಆರಂಭದಲ್ಲಿಯೇ ಹೇಳುತ್ತದೆ. ಇನ್ನೊಬ್ಬನು ಹೊಡೆಯುವಾಗ ಮಾತು, ಚಲನೆ ಕೂಡದು. ಚೆಂಡು ಜನರತ್ತ ಹಾರಿದರೆ 'ಫೋರ್' ಎಂದು ಕೂಗಿ ಎಚ್ಚರಿಸಬೇಕು. ಕಿತ್ತ ಹುಲ್ಲಿನ ಹೆಂಟೆಯನ್ನು ಮರಳಿ ಕೂರಿಸಬೇಕು, ಮರಳಿನ ಬಂಕರಿನಲ್ಲಿ ಮೂಡಿದ ಹೆಜ್ಜೆಗಳನ್ನು ಸಮಮಾಡಿ ಹೊರಡಬೇಕು. ಕಳೆದ ಚೆಂಡನ್ನು ಹುಡುಕಲು ಮೂರು ನಿಮಿಷ ಮಾತ್ರ, ಏಕೆಂದರೆ ಹಿಂದೆ ಬರುವವರು ಕಾಯುತ್ತಿರುತ್ತಾರೆ. ತಾನು ಕೆಡಿಸಿದ್ದನ್ನು ತಾನೇ ಸರಿಪಡಿಸಿ ಹೋಗುವುದೇ ಇಲ್ಲಿಯ ಶಿಷ್ಟಾಚಾರದ ಸಾರ.

ಈ ಶಿಷ್ಟಾಚಾರವು ಆಟಗಾರನ ಚೀಲ ಹೊರುವ ಕ್ಯಾಡಿಗೂ ಸಲ್ಲಬೇಕು. ಕ್ಯಾಡಿ ನಿಯಮ ಮುರಿದರೆ ದಂಡ ಬೀಳುವುದು ಆಟಗಾರನಿಗೆ. ಹೊಣೆ ಹೀಗಿರುವಾಗ ಗೌರವವೂ ಹಾಗೆಯೇ ಇರಬೇಡವೇ? ಇದೇ ಅಂಗಳದಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಭಾರ ಹೊರುವ ಕೈಗಳಲ್ಲಿಯೂ ಪ್ರತಿಭೆ ಇರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಐದರ ಹರೆಯದಲ್ಲಿ ಇಲ್ಲಿ ಕೋಲು ಹಿಡಿದ ಬೆಂಗಳೂರಿನ ಅದಿತಿ ಅಶೋಕ್ 2015ರಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಸ್ಟ್ರೋಕ್‌ ಪ್ಲೇ ಪ್ರಶಸ್ತಿ ಗೆದ್ದು, ಮರುವರ್ಷ ರಿಯೊ ಒಲಿಂಪಿಕ್ಸಿನಲ್ಲಿ ಆಡಿದರು. ಅಲ್ಲಿ ತಂದೆ ಮಗಳ ಚೀಲ ಹೊತ್ತರೆ, 2021ರ ಟೋಕಿಯೊದಲ್ಲಿ ತಾಯಿ ಹೊತ್ತರು. ನಾಲ್ಕು ದಿನಗಳಲ್ಲಿ 269 ಹೊಡೆತಗಳಾಗಿ, ಕೇವಲ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂದಿತು. ಒಂದು ಹೊಡೆತದ ಬೆಲೆ ಎಷ್ಟೆಂಬುದು ಇದರಿಂದ ವಿದಿತವಾಗುತ್ತದೆ. ಅಷ್ಟು ಬೆಲೆಯುಳ್ಳ ಹೊಡೆತವನ್ನು ಯಾರೂ ಕಾಣದಾಗಲೂ ಮರೆಮಾಚದಿರುವುದೇ ಈ ಆಟದ ದೊಡ್ಡತನ.

ಎಲ್ಲ ಮನೆಗಳ ಮಕ್ಕಳೂ ಗಾಲ್ಫ್ ಆಡಲಾರರು. ಅದಕ್ಕೆ ತಗಲುವ ವೆಚ್ಚವೂ ಅಲ್ಪವಲ್ಲ. ಆದರೆ ಪರೀಕ್ಷೆಯ ಕೊಠಡಿಯಲ್ಲಿ, ಅಂಗಡಿಯ ತಕ್ಕಡಿಯಲ್ಲಿ, ಕಛೇರಿಯ ಲೆಕ್ಕಪತ್ರದಲ್ಲಿ ತನಗೆ ತಾನೇ ತೀರ್ಪುಗಾರನಾಗುವ ಸಂದರ್ಭ ಎಲ್ಲರಿಗೂ ಬರುತ್ತದೆ. ಆಗ ನಡೆ ನುಡಿಗಳೆರಡೂ ಒಂದಾಗಿರುವುದನ್ನು ಕಲಿತ ಮಗು ಯಾವ ಪಂದ್ಯದಲ್ಲಿ ಸೋತರೂ ಹೆತ್ತವರು ಚಿಂತಿಸಬೇಕಾಗಿಲ್ಲ.