ತಾಮ್ರದ ರಾತ್ರಿಪಾಳಿ

ನಮ್ಮ ಮನೆಯ ತಾಮ್ರದ ಕೊಡದ ಮೇಲೆ ನಮ್ಮ ಮನೆಯವರ ಯಾರ ಹೆಸರೂ ಇಲ್ಲ. ಕಂಠದ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದು ಬರೆದಿರುವ ಹೆಸರು ಸಂತೇಬೆನ್ನೂರಿನವರೊಬ್ಬರದು. ಅಜ್ಜಿಯ ಮದುವೆಗೆ ಅವರು ಮಾಡಿದ ಮುಯ್ಯಿ ಅದು. ಮುಯ್ಯಿ ಮಾಡುವವರು ಪಾತ್ರೆಗೆ ಹೆಸರು ಹಾಕಿಸಿಯೇ ತರುತ್ತಿದ್ದರು. ಕೊಟ್ಟದ್ದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬುದು ಒಂದು. ನಾಳೆ ಅವರ ಮನೆಯ ಮದುವೆಗೆ ಅಷ್ಟೇ ತೂಕದ್ದು ತಿರುಗಿ ಬರಬೇಕು ಎಂಬುದು ಇನ್ನೊಂದು. ರಾಜರು ದಾನವನ್ನು ತಾಮ್ರದ ಪಟದ ಮೇಲೆ ಕೊರೆಸಿದರು, ನಮ್ಮವರು ದಾನದ ವಸ್ತುವಿನ ಮೇಲೇ ಕೊರೆಸಿದರು. ನಮ್ಮೂರು ತ್ಯಾವಣಿಗೆಯ ಹಳೆಯ ಮನೆಗಳ ಅಡುಗೆಮನೆಯಲ್ಲಿ ಹಲಗೆಯ ಮೇಲಿನ ಪಾತ್ರೆಗಳನ್ನು ಒಂದೊಂದಾಗಿ ಓದಿದರೆ ಸುತ್ತಲಿನ ಹಳ್ಳಿಗಳ ಬೀಗರೆಲ್ಲ ಸಿಗುತ್ತಿದ್ದರು. ನನಗೆ ಒತ್ತಕ್ಷರ ಗಟ್ಟಿಯಾದದ್ದು ಹೀಗೆ.

ಆಗ ತಾಮ್ರ ಅಂದರೆ ಆಸ್ತಿ. ಆರೋಗ್ಯದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಬಚ್ಚಲ ಹಂಡೆ ಸಾಹುಕಾರರ ಮನೆ ಸೇರುತ್ತಿತ್ತು, ಸುಗ್ಗಿ ಮುಗಿದ ಮೇಲೆ ಬಡ್ಡಿ ಕಟ್ಟಿ ಬಿಡಿಸಿಕೊಂಡು ಬರುತ್ತಿದ್ದರು. ಹೆಸರು ಹಾಕಿಸಿದ್ದಕ್ಕೆ ಅಲ್ಲೂ ಪ್ರಯೋಜನವಿತ್ತು: ಕೊಟ್ಟ ಹಂಡೆಯೇ ತಿರುಗಿ ಬರುತ್ತಿತ್ತು. ಭದ್ರಾ ನಾಲೆ ಬಂದು ಗದ್ದೆ ಆದವು, ಗದ್ದೆಯಲ್ಲಿ ಅಡಿಕೆ ತೋಟ ಎದ್ದವು, ಹಂಡೆ ಅಡವಿಡುವ ಕಾಲ ಹೋಯಿತು. ತಾಮ್ರ ಮಾತ್ರ ಮನೆಯಿಂದ ಹೋಗಲಿಲ್ಲ. ಸುಲಿದ ಹಸಿ ಅಡಿಕೆಯನ್ನು ಚೊಗರು ಹಾಕಿ ಬೇಯಿಸಲು ದೊಡ್ಡ ದೊಡ್ಡ ಹಂಡೆ ಬೇಕಾದವು.

ಕುಡಿಯುವ ನೀರಿನ ಕೊಡದ ಜಾಗ ಮಾತ್ರ ಬೇರೆ. ಸಂಜೆ ಬಾವಿಯಿಂದ ತಂದ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಅದಕ್ಕೆ ತುಂಬಿ, ಮೇಲೊಂದು ತಟ್ಟೆ ಮುಚ್ಚುತ್ತಿದ್ದರು. ಬೆಳಗಾಗುವವರೆಗೆ ಯಾರೂ ಅದಕ್ಕೆ ತಂಬಿಗೆ ಅದ್ದುವಂತಿರಲಿಲ್ಲ. ನಮ್ಮ ಚಿಕ್ಕಜ್ಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು ಬಂದವರು, ಲೋಕವನ್ನೆಲ್ಲ ಪಾಳಿಯ ಲೆಕ್ಕದಲ್ಲಿ ನೋಡುತ್ತಿದ್ದರು. ಅಜ್ಜಿ ಕೊಡ ಮುಚ್ಚಿದ ಕೂಡಲೇ, "ಹೂಂ, ಇವಂದು ರಾತ್ರಿಪಾಳಿ ಶುರುವಾತು," ಎನ್ನುತ್ತಿದ್ದರು. ಅವರು ತಮಾಷೆಗೆ ಹೇಳಿದ್ದು. ಆದರೆ ಕೊಡದೊಳಗೆ ನಡೆಯುವುದು ನಿಜವಾಗಿಯೂ ಕೆಲಸವೇ ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

ಅದನ್ನು ಓದುವ ಮೊದಲೇ ಗದ್ದೆಯಲ್ಲಿ ಕಂಡಿದ್ದೆ. ನಾಟಿ ಆದ ಭತ್ತದ ಗದ್ದೆಯಲ್ಲಿ ಹಸಿರು ಪಾಚಿ ದಟ್ಟವಾಗಿ ಹಬ್ಬಿ ಸಸಿಯ ಬುಡ ಮುಚ್ಚಿದರೆ, ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರು ಒಳಗೆ ಬರುವ ಬಾಯಲ್ಲಿ ಇಡುವುದು ನಮ್ಮ ಕಡೆಯ ರೈತರ ರೂಢಿ. ಗಂಟಿನ ಮೇಲೆ ಹಾದ ನೀರು ಗದ್ದೆಯೆಲ್ಲ ಹರಡುತ್ತದೆ, ಪಾಚಿ ಸಾಯುತ್ತದೆ. ಮೈಲುತುತ್ತ ಎಂದರೆ ತಾಮ್ರದ ಉಪ್ಪು. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಇದೇ ಜಾತಿಯ ಸಂಗತಿಯನ್ನು ಪ್ರಯೋಗಶಾಲೆಯಲ್ಲಿ ಕಂಡ. ನೂಲಿನಂಥ ಸ್ಪೈರೋಗೈರಾ ಎಂಬ ಪಾಚಿ, ತಾಮ್ರ ತಾಗಿದ ನೀರಿನಲ್ಲಿ ಉಳಿಯುತ್ತಿರಲಿಲ್ಲ. ನೀರಿಗೆ ಇಳಿದ ತಾಮ್ರ ತೀರಾ ಅತ್ಯಲ್ಪ, ಆದರೂ ಪಾಚಿಗೆ ಅಷ್ಟೇ ಸಾಕಾಗಿತ್ತು. ಅವನು ತೀರಿಕೊಂಡ ಮೇಲೆ, 1893ರಲ್ಲಿ, ಅದು ಅಚ್ಚಾಯಿತು.

ಅಡಿಕೆ ತೋಟದವರಿಗೂ ಇದು ಹೊಸ ಮಾತಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ, ಸುಣ್ಣ ಎರಡರದೇ ಸೇರುವೆ. ನೂರು ಲೀಟರ್ ನೀರಿಗೆ ಒಂದೊಂದು ಕೆ.ಜಿ. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲಿ ಎಂದು ದಾರಿ ಬದಿಯ ಬಳ್ಳಿಗೆ ನೀಲಿ ಬಣ್ಣ ಬಳಿದಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರು ಗಮನಿಸಿದ. ಅವನು ದ್ರಾವಣದ ವಿಷಯ ಪ್ರಕಟಿಸಿದ್ದು 1885ರಲ್ಲಿ. ಅದನ್ನು ನಮ್ಮ ಅಡಿಕೆ ಮರದ ಮೇಲಕ್ಕೆ ಹತ್ತಿಸಿದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲೆ ಅವರ ಪುಸ್ತಕ 1910ರಲ್ಲೇ ಬಂದಿದೆ. ದ್ರಾವಣ ಹದಕ್ಕೆ ಬಂತೋ ಇಲ್ಲವೋ ನೋಡಲು ಇವತ್ತಿಗೂ ಅದರಲ್ಲಿ ಕುಡುಗೋಲಿನ ತುದಿ ಅದ್ದುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ.

ಇಷ್ಟೆಲ್ಲ ಕೈಯಾರೆ ಮಾಡುವ ನಮ್ಮ ಜನ ಮೊಬೈಲಿನಲ್ಲಿ "ತಾಮ್ರದ ನೀರಿನ ರಹಸ್ಯ" ಬಂದರೆ ಬಾಯಿ ತೆರೆದು ನೋಡುತ್ತಾರೆ. ರಹಸ್ಯ ಅವರ ಗದ್ದೆಯ ಬಾಯಲ್ಲೇ ಗಂಟು ಕಟ್ಟಿ ಕೂತಿದೆ. ತಾಮ್ರಕ್ಕೆ ಚೆನ್ನಾಗಿ ಬರುವ ಕಸುಬು ಒಂದು: ನೀರಿನಲ್ಲಿರುವ ಸಣ್ಣ ಜೀವಗಳನ್ನು ಕೊಲ್ಲುವುದು. ಬೊಜ್ಜು ಕರಗುತ್ತದೆ, ಕೂದಲು ಕಪ್ಪಾಗುತ್ತದೆ, ಮುಖ ಹೊಳೆಯುತ್ತದೆ ಎಂಬ ಮಾತೆಲ್ಲ ಕೊಡ ಮಾರುವವರದು. ಕೊಡದ್ದಲ್ಲ.

ಆ ಒಂದು ಕಸುಬಿಗೆ ಗಟ್ಟಿ ಸಾಕ್ಷಿ ಬೆಂಗಳೂರಿನಲ್ಲೇ ಸಿಕ್ಕಿತು. ಯಲಹಂಕದ ಹತ್ತಿರದ ಆಯುರ್ವೇದ ಸಂಶೋಧನಾ ಸಂಸ್ಥೆಯಲ್ಲಿ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಜೊತೆಗಾರರು ತಾಮ್ರದ ಪಾತ್ರೆಯ ನೀರಿಗೆ ಕಾಲರಾ, ಟೈಫಾಯಿಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಬಿಟ್ಟರು. 16 ಗಂಟೆಯ ಮೇಲೆ ನೋಡಿದರೆ ಒಂದೂ ಜೀವಂತ ಸಿಗಲಿಲ್ಲ. ಇದು 2012ರಲ್ಲಿ ಪ್ರಕಟವಾದ ಅಧ್ಯಯನ. ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 2 ಮಿಲಿಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಸ್ವಲ್ಪ ಬಿಗಿ: 0.05ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ.

ಇಲ್ಲಿ 16 ಗಂಟೆ ಎಂಬುದನ್ನು ಗಮನಿಸಬೇಕು. ಚಿಕ್ಕಜ್ಜನ ಲೆಕ್ಕದಲ್ಲಿ ಪೂರಾ ಎರಡು ಪಾಳಿ. ಬೆಳಿಗ್ಗೆ ತಾಮ್ರದ ಬಾಟಲಿ ತುಂಬಿಕೊಂಡು ದಾವಣಗೆರೆ ಬಸ್ಸು ಹತ್ತಿ, ಹದಡಿ ದಾಟುವುದರೊಳಗೆ ಅರ್ಧ ಖಾಲಿ ಮಾಡುವವರನ್ನು ನಾನು ದಿನಾ ನೋಡುತ್ತೇನೆ. ತಾಮ್ರ ಇನ್ನೂ ಹಾಜರಿ ಹಾಕಿರುವುದಿಲ್ಲ, ಅಷ್ಟರಲ್ಲಿ ನೀರು ಹೊಟ್ಟೆ ಸೇರಿರುತ್ತದೆ. ಇನ್ನು ಕೆಲವರು ಅದರಲ್ಲೇ ನಿಂಬೆರಸ ಹಿಂಡಿಕೊಂಡು ಬರುತ್ತಾರೆ. ಇದಕ್ಕೆ ಅಜ್ಜಿ ಇದ್ದಿದ್ದರೆ ಬಾಟಲಿ ಕಸಿದುಕೊಂಡು ಬಚ್ಚಲಿಗೆ ಸುರಿಯುತ್ತಿದ್ದಳು.

ಅಜ್ಜಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಹುಣಸೆಹಣ್ಣು ಗೊತ್ತಿತ್ತು. ಕೊಡ ತಿಕ್ಕಲು ಹುಣಸೆಹಣ್ಣು, ಉಪ್ಪು, ಬೂದಿ. ಹುಳಿ ತಾಗಿದ ಕಡೆ ಕಪ್ಪು ಹೋಗಿ ಒಳಗಿನ ಕೆಂಪು ಹೊಳೆಯುವುದು, ಹುಳಿಗೆ ತಾಮ್ರ ಕರಗುವುದರಿಂದ. ಅದೇ ಕಾರಣಕ್ಕೆ ಮಜ್ಜಿಗೆ, ಸಾರು, ಉಪ್ಪಿನಕಾಯಿ ತಾಮ್ರದ ಹತ್ತಿರ ಸುಳಿಯಬಾರದು. ಕಿಲುಬು ಹತ್ತಿದ ಪಾತ್ರೆಯ ಮಜ್ಜಿಗೆ ಕುಡಿದು ವಾಂತಿ ಮಾಡಿಕೊಂಡವರ ಕಥೆ ಪ್ರತಿ ಊರಲ್ಲೂ ಒಂದಾದರೂ ಇದೆ. ಹುಳಿ ಬೇಯಿಸುವ ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಬೇಕು. ಕಲಾಯಿಯವನು ಬಂದು ಬೇವಿನಮರದ ಬುಡದಲ್ಲಿ ತಿದಿ ಹೂಡಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರವನ್ನು ಅರಳೆಯಿಂದ ಒಂದು ಸುತ್ತು ಒರೆಸಿದರೆ ಕೆಂಪು ಪಾತ್ರೆಯ ಒಳಗೆಲ್ಲ ಬೆಳ್ಳಗೆ. ಆ ಹೊಗೆಯ ಘಾಟು ಮೂಗಿನಲ್ಲಿ ಸಂಜೆಯವರೆಗೆ ಇರುತ್ತಿತ್ತು. ನೀರಿನ ಕೊಡಕ್ಕೆ ಮಾತ್ರ ಕಲಾಯಿ ಇಲ್ಲ. ಹಾಲಿಗೆ ಕಲಾಯಿ ಪಾತ್ರೆಯೂ ಬೇಡ, ಅದರ ಜಾಗ ಮಣ್ಣಿನ ಗಡಿಗೆಯಲ್ಲಿ, ಬೆರಣಿ ಬೆಂಕಿಯ ಮೇಲೆ.

ಹಾಲಿನ ಈ ನಿಯಮ ಎಷ್ಟು ದೊಡ್ಡದು ಎಂದು ಪುಣೆಯ ವೈದ್ಯರು ತೋರಿಸಿಕೊಟ್ಟರು. ಎಳೆ ಮಕ್ಕಳ ಪಿತ್ತಜನಕಾಂಗ ಗಟ್ಟಿಯಾಗಿ, ಹೊಟ್ಟೆ ಊದಿ ಸಾಯುವ ರೋಗವೊಂದು ನಮ್ಮ ದೇಶದಲ್ಲಿತ್ತು. ಕೆ.ಇ.ಎಂ. ಆಸ್ಪತ್ರೆಯ ಶೀಲಾ ಭಾವೆ, ಆನಂದ ಪಂಡಿತ, ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಇವರೆಲ್ಲ ಅಂಥ ಮಕ್ಕಳ ಮನೆಗಳ ಅಡುಗೆಮನೆ ವಿಚಾರಿಸಿದಾಗ, ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ದನದ ಹಾಲು, ಎಮ್ಮೆ ಹಾಲು ಕುಡಿಸುತ್ತಿದ್ದದ್ದು ಕಂಡಿತು. 1983ರಲ್ಲಿ ಅದನ್ನು ಪ್ರಕಟಿಸಿದರು. ಹಾಲು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೂಸಿನ ಪಿತ್ತಜನಕಾಂಗಕ್ಕೆ ಅದನ್ನು ಹೊರಗೆ ಹಾಕುವ ಶಕ್ತಿ ಇರುವುದಿಲ್ಲ. ಮನೆಗಳಲ್ಲಿ ಪಾತ್ರೆ ಬದಲಾದಂತೆ ಆ ರೋಗವೂ ಅಪರೂಪವಾಯಿತು. ಸ್ಟೀಲು ಬಂದು ನಮ್ಮ ಸಂಸ್ಕೃತಿ ಹಾಳಾಯಿತು ಎಂದು ಭಾಷಣ ಮಾಡುವವರು ಬದುಕಿಕೊಂಡ ಆ ಮಕ್ಕಳನ್ನೂ ಒಂದು ಸಲ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಆಯುರ್ವೇದದವರು ಈ ವಿಷಯದಲ್ಲಿ ಇವತ್ತಿನ ಅವರ ಅಭಿಮಾನಿಗಳಿಗಿಂತ ಹುಷಾರಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 45ನೇ ಅಧ್ಯಾಯದಲ್ಲಿ ನೀರಿನ ವಿಚಾರವಿದೆ. ಕುಡಿಯುವ ಪಾತ್ರೆ ಹೇಳುವಾಗ ಚಿನ್ನ, ಬೆಳ್ಳಿ, ತಾಮ್ರ, ಕಂಚು, ಮಣಿ, ಮಣ್ಣು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ನೀರಿಗೆ ಹೂವಿನ ಕಂಪಿರಲಿ ಎನ್ನುತ್ತದೆ. ತಾಮ್ರಕ್ಕೆ ಬೇರೆ ಮಣೆ ಹಾಕಿಲ್ಲ. ಕುಂಬಾರರ ಗಡಿಗೆಗೂ ಅದೇ ಪಂಕ್ತಿ. ಲೋಹದಿಂದ ಔಷಧಿ ಮಾಡುವ ರಸಶಾಸ್ತ್ರದವರಂತೂ ವಿಷಕ್ಕೆ ಒಂದು ದೋಷ, ಶೋಧಿಸದ ತಾಮ್ರಕ್ಕೆ ಎಂಟು ಎಂದು ಎಣಿಸಿದ್ದಾರೆ. ವಾಂತಿ, ತಲೆಸುತ್ತು, ಉರಿ, ಅರುಚಿ ಎಲ್ಲ ಆ ಎಂಟರಲ್ಲಿವೆ.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆಯಲು ಅವಳೇ ಕಾರಣ. ಅವಳನ್ನು ಕೊಟ್ಟದ್ದು ಜಗಳೂರು ಸೀಮೆಗೆ. ನಮ್ಮ ಕಡೆ ನಾಲೆ, ಸೂಳೆಕೆರೆ ಅಂತ ನೀರು. ಒಂದೇ ಜಿಲ್ಲೆಯಾದರೂ ಅವರ ಕಡೆ ಆಳದ ಬೋರ್‌ವೆಲ್, ಅದರಲ್ಲಿ ಫ್ಲೋರೈಡ್. ಅಲ್ಲಿನ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದುಗೆರೆ ಕಾಣುತ್ತದೆ. ದೊಡ್ಡವರಿಗೆ ಮಂಡಿ, ಸೊಂಟ. ತುಂಗಭದ್ರೆಯ ನೀರಿನಿಂದ ಆ ತಾಲೂಕಿನ 57 ಕೆರೆ ತುಂಬಿಸುವ ಯೋಜನೆಗೆ ಜನ ಅಷ್ಟು ಆಸೆಯಿಂದ ಕಾದದ್ದು ಸುಮ್ಮನೆ ಅಲ್ಲ. ಹಬ್ಬಕ್ಕೆ ಬಂದವಳು ಕೊಡದ ಮುಂದೆ ನಿಂತು, "ಅಣ್ಣಾ, ನಿಮಗ್ಯಾಕೆ ಇದು? ನಿಮ್ಮೂರ ನೀರು ಚೆನ್ನಾಗೈತೆ. ನಂಗೆ ಕೊಡು. ತಾಮ್ರದಾಗೆ ಇಟ್ರೆ ಫ್ಲೋರೈಡ್ ಹೋಗ್ತತಂತೆ," ಅಂದಳು. ಯಾರು ಹೇಳಿದರು ಎಂದರೆ ಮೊಬೈಲ್ ತೋರಿಸಿದಳು.

ಅವ್ವ ಒಲೆಯ ಮುಂದಿನಿಂದಲೇ, "ಕೊಡ ಬೇಕಾದ್ರೆ ಒಯ್ಯೇ ತಾಯಿ. ಉಪ್ಪುನೀರು ಇಟ್ರೆ ಬೆಳಗಾಗೋದ್ರಾಗೆ ಸೀನೀರಾಗ್ತತೇನು? ಇದೂ ಹಂಗೇ," ಅಂದಳು.

ಅವ್ವ ಹೇಳಿದ್ದಕ್ಕೆ ನಾನು ಸೇರಿಸುವುದು ಹೆಚ್ಚಿಲ್ಲ. ಬ್ಯಾಕ್ಟೀರಿಯಾ ಜೀವ, ಅದನ್ನು ತಾಮ್ರ ಕೊಲ್ಲುತ್ತದೆ. ಫ್ಲೋರೈಡ್ ಜೀವವಲ್ಲ, ನೀರಿನಲ್ಲಿ ಕರಗಿ ಹೋದ ಲವಣ. ಕೊಲ್ಲಲು ಅಲ್ಲಿ ಏನೂ ಇಲ್ಲ. ಕುದಿಸಿದರೂ ಹೋಗುವುದಿಲ್ಲ, ಆವಿ ಹೋದಷ್ಟು ನೀರು ಕಡಿಮೆಯಾಗಿ ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೆ ಪಟಿಕ, ಸುಣ್ಣ ಹಾಕಿ ತಿಳಿಗೊಳಿಸುವ ನಲಗೊಂಡ ವಿಧಾನ ಇದೆ, ಇಲ್ಲವೇ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ. ಘಟಕದ ನೀರು ತಂದು ತಾಮ್ರದಲ್ಲಿ ಇಡುವವರಿಗೆ ಇನ್ನೊಂದು ಮಾತು: ಲವಣವೆಲ್ಲ ಕಳೆದ ಮೆದುನೀರು ಲೋಹವನ್ನು ಬೇಗ ಕರಗಿಸುತ್ತದೆ. ರಾತ್ರಿ ಇಟ್ಟದ್ದು ಮಾರನೆಯ ದಿನ ಮುಗಿಯಲಿ, ವಾರಗಟ್ಟಲೆ ಕೂರುವುದು ಬೇಡ.

ಕೊಡ ತಂಗಿ ಒಯ್ದಳು. ಬೇಡ ಎನ್ನಲು ಅದರ ಮೇಲೆ ನಮ್ಮ ಹೆಸರೇನೂ ಇರಲಿಲ್ಲ. ಒಯ್ಯುವ ಮೊದಲು ಅವಳಿಂದ ಒಂದು ಮಾತು ಪಡೆದೆ, ಅದನ್ನೇ ನಿಮಗೂ ಹೇಳುತ್ತೇನೆ. ಜಗಳೂರೇ ಇರಲಿ, ಬೋರ್‌ವೆಲ್ ನೀರು ಕುಡಿಯುವ ಬೇರೆ ಊರೇ ಇರಲಿ, ತಾಮ್ರದ ಪಾತ್ರೆ ಕೊಳ್ಳುವ ಮೊದಲು ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ನೀರು ಪರೀಕ್ಷೆ ಮಾಡುವ ಕಿಟ್ ಇದೆಯೇ ಕೇಳಿ. ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಅದರ ತರಬೇತಿ ಕೊಟ್ಟಿದ್ದಾರೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರನ್ನು ಯಾವ ಪಾತ್ರೆಯಲ್ಲಿಟ್ಟೂ ಕುಡಿಯಬೇಡಿ.