ಬಸ್ಸು ಬಿಟ್ಟರಾ?

ನಮ್ಮ ದೊಡ್ಡಮ್ಮ ಪ್ರತಿ ಭಾನುವಾರ ಹೋಗುತ್ತಿದ್ದುದು ತಳಿಯ ಹತ್ತಿರದ ಹಳ್ಳಿಯ ತಮಿಳು ಸಭೆಗೆ. ಕಂಕುಳಲ್ಲಿ ಹಿಡಿದು ಹೋಗುತ್ತಿದ್ದುದು ಕನ್ನಡ ಬೈಬಲ್ಲು. ಹೊಸೂರು ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು ಆಡಿಕೊಂಡು ಬದುಕುವವರಿಗೆ ದೇವರೊಬ್ಬನೇ ಒಂದೇ ಭಾಷೆ ಕಲಿತು ಕೂತಿದ್ದಾನೆಂದರೆ ನಗು ಬರುತ್ತದೆ.

ಆ ಬೈಬಲ್ಲಿಗೆ ಮೈತುಂಬ ಬಾಲಗಳು. ಬಸ್ ಟಿಕೆಟ್ಟು, ಬಿ.ಪಿ. ಮಾತ್ರೆಯ ಖಾಲಿ ಪಟ್ಟಿ, ಹಾಲಿನ ಲೆಕ್ಕದ ಚೀಟಿ, ಎಲ್ಲವೂ ಗುರುತಿಗೆ. ಅಧ್ಯಾಯದ ಸಂಖ್ಯೆ ಅವಳಿಗೆ ನೆನಪಿರುತ್ತಿರಲಿಲ್ಲ. "ಅತ್ತಿಬೆಲೆ ಟಿಕೆಟ್ ಇದೆ ನೋಡು, ಅಲ್ಲೇ ಪೌಲ ಇದಾನೆ," ಎನ್ನುತ್ತಿದ್ದಳು.

ಆ ಪೌಲನಿಂದಲೇ ಒಂದು ತಕರಾರು ಹುಟ್ಟಿತು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅವನು ಉಳಿಯುವಂಥವು ಮೂರು ಎನ್ನುತ್ತಾನಲ್ಲ, ಅದರಲ್ಲಿ ನಡುವಿನದಕ್ಕೆ ಕನ್ನಡ ಬೈಬಲ್ಲು 'ನಿರೀಕ್ಷೆ' ಎಂದರೆ ತಮಿಳು ಬೈಬಲ್ಲು 'ನಂಬಿಕ್ಕೈ' ಎನ್ನುತ್ತದೆ. ನಮಗೆ ನಂಬಿಕೆ ಮೊದಲನೆಯದು. ಅದಕ್ಕೆ ಅವರು 'ವಿಸುವಾಸಂ' ಎನ್ನುತ್ತಾರೆ. ಪಾಸ್ಟರಯ್ಯ ಎರಡನೆಯದನ್ನು ಹೇಳುವಾಗ ದೊಡ್ಡಮ್ಮನ ಬೆರಳು ಇನ್ನೂ ಮೊದಲನೆಯದರ ಮೇಲೇ ಇರುತ್ತಿತ್ತು. ಬಹಳ ದಿನ ಯೋಚಿಸಿ ಅವಳೇ ತೀರ್ಪು ಕೊಟ್ಟಳು: "ತಮಿಳಿನವರೇ ವಾಸಿ ಕಣಪ್ಪಾ. ಅವರು ನಂಬಿದ್ರೆ ಆಯ್ತು. ನಾವು ನಂಬಿದ ಮೇಲೂ ಕೂತು ಕಾಯಬೇಕು."

1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದು ಅಚ್ಚು ಕಾಣಿಸುವಾಗ 1831 ಆಗಿತ್ತು. ಅಷ್ಟು ವರ್ಷ ಬಳ್ಳಾರಿಯ ಬಿಸಿಲಲ್ಲಿ ಕೂತವನಿಗೆ ಕಾಯುವುದೆಂದರೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ರಾಜ್ಯದ ಗಡಿಯಲ್ಲಿ ಜೂಜುವಾಡಿಯ ಚೆಕ್‌ಪೋಸ್ಟಿನ ಆಚೆ ದೊಡ್ಡಮ್ಮ, ಈಚೆ ಬೆಂಗಳೂರಲ್ಲಿ ನಾನು. ನಡುವೆ ನಲವತ್ತು ಚಿಲ್ಲರೆ ಕಿಲೋಮೀಟರು. ಆ ಬೇಸಿಗೆಯಲ್ಲಿ ಅದು ಸಮುದ್ರದಷ್ಟು ಅಗಲವಾಯಿತು. ಅವಳ ಮಗ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುತ್ತಿದ್ದ. ಫೆಬ್ರವರಿಯಲ್ಲಿ ಪ್ರೇಮಿಗಳ ಪುಣ್ಯದಿಂದ ವಿಮಾನ ಹತ್ತಿದ ಹೂವಿಗೆ ಏಪ್ರಿಲ್‌ನಲ್ಲಿ ಗಾಡಿಯೂ ಇಲ್ಲ, ಮದುವೆಯೂ ಇಲ್ಲ. ಹಾಗೆಂದು ಬಿಡುವಂತಿಲ್ಲ, ಕೊಯ್ಯದಿದ್ದರೆ ಗಿಡ ಕೆಡುತ್ತದೆ. ದಿನಾ ಬೆಳಗ್ಗೆ ಕೊಯ್ದು ತಿಪ್ಪೆಗೆ ಸುರಿಯಬೇಕು. ಮಗ ಕತ್ತರಿ ಬಿಸಾಡಿ ಮಲಗಿದ. ದೊಡ್ಡಮ್ಮ ತಾನೇ ಕತ್ತರಿ ಹಿಡಿದು ಹೋದಳು. ಹೋದವಳು ಕೊಯ್ದದ್ದಷ್ಟೇ ಅಲ್ಲ, ಇಪ್ಪತ್ತಿಪ್ಪತ್ತು ಎಣಿಸಿ, ಕಡ್ಡಿ ಸಮ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಕಟ್ಟಿದಳು. ತಿಪ್ಪೆಗೆ ಹಾಕುವುದಕ್ಕೆ ಲೆಕ್ಕ ಯಾಕೆ ಎಂದರೆ, "ಕೈಗೆ ಅಭ್ಯಾಸ ತಪ್ಪಬಾರದು."

ಏಪ್ರಿಲ್ 12ರ ಈಸ್ಟರಿಗೆ ಸಭೆಯ ಬಾಗಿಲಿಗೆ ಬೀಗ. ಅವಳು ಹನ್ನೆರಡು ಕಟ್ಟು ಕೆಂಪು ಗುಲಾಬಿ ಒಯ್ದು ಆ ಬೀಗದ ಕೆಳಗೆ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು ಪ್ರಾರ್ಥಿಸಿ ಬಂದಳಂತೆ. ಮಧ್ಯಾಹ್ನದ ಹೊತ್ತಿಗೆ ಊರ ಮೇಕೆಗಳು ಹಬ್ಬ ಮುಗಿಸಿದ್ದವು. ಫೋನಿನಲ್ಲಿ ಹೇಳಿ ನಕ್ಕಳು: "ಕಡ್ಡೀನೂ ಬಿಡಲಿಲ್ಲ ಕಣೋ, ರಬ್ಬರ್ ಬ್ಯಾಂಡ್ ಮಾತ್ರ ಉಗಿದಿದ್ವು. ಅವನ್ನ ಆರಿಸ್ಕೊಂಡು ಬಂದೆ, ನಾಳೆಗೆ ಬೇಕಲ್ಲ." ಮತ್ತೆ ದಿನಾ ಸಂಜೆ ಕೇಳುವ ಮಾತು: "ಬಸ್ಸು ಬಿಟ್ಟರಾ?"

ಉಪದ್ರವ ತಾಳ್ಮೆ ಕಲಿಸುತ್ತದೆ, ತಾಳ್ಮೆಯ ಆ ಕೊನೆಗೆ ನಿರೀಕ್ಷೆ ಇದೆ ಎಂದು ಪೌಲ ರೋಮಾದವರಿಗೆ ಬರೆದ. ನಿರೀಕ್ಷೆಯೆಂದರೆ ಏನೋ ಘನವಾದದ್ದು ಎಂದು ನಾನು ತಿಳಿದಿದ್ದೆ. ದಿನಾ ಸಂಜೆ ಏಳಕ್ಕೆ ಫೋನಿನಲ್ಲಿ ಕೇಳಿಬರುವ ಎರಡು ಪದವೂ ಅದೇ ಇರಬಹುದೆಂದು ಹೊಳೆದಿರಲಿಲ್ಲ. ಬೇಸರದಿಂದ "ಇಲ್ಲ ದೊಡ್ಡಮ್ಮಾ" ಎಂದು ಫೋನಿಡುತ್ತಿದ್ದೆ.

ಗಡಿ ದಾಟುವ ಬಸ್ಸುಗಳು ಓಡಾಡುವ ಹೊತ್ತಿಗೆ ದೀಪಾವಳಿ ಬಂತು. ನಾನು ಹೋದದ್ದು ಕ್ರಿಸ್‌ಮಸ್ಸಿಗೆ. ನಡುವಿನ ನಲವತ್ತು ದಿನಕ್ಕೆ ನನ್ನ ಬಳಿ ಒಳ್ಳೊಳ್ಳೆಯ ಕಾರಣಗಳಿದ್ದವು. ಅವಳು ಒಂದನ್ನೂ ಕೇಳಲಿಲ್ಲ. ನಡುಮನೆಯಿಂದ ಸ್ಟೀಲ್ ಡಬ್ಬಿ ತಂದು ಮುಚ್ಚಳ ತೆಗೆದಳು. ರಾಗಿ ಹುರಿಹಿಟ್ಟು.

"ಮಾರ್ಚ್‌ನಲ್ಲಿ ನೀನು ಬರ್ತೀಯ ಅಂತ ಬೀಸಿದ್ದು. ಎರಡು ಸಲ ಹುಳ ಬಿತ್ತು. ಎರಡು ಸಲಾನೂ ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಮತ್ತೆ ತುಂಬಿಟ್ಟೆ."

"ಹೊಸದು ಮಾಡಬಹುದಿತ್ತಲ್ಲ ದೊಡ್ಡಮ್ಮಾ."

"ಇದು ನಿಂದು ಅಲ್ವೇನಪ್ಪಾ," ಎಂದು ಬೆಲ್ಲ ಜಜ್ಜತೊಡಗಿದಳು. ಹಿಟ್ಟಿಗೆ ಸ್ವಲ್ಪ ಮುಗ್ಗಲು ವಾಸನೆಯಿತ್ತು. ಎರಡು ಸಲ ಹಾಕಿಸಿಕೊಂಡು ತಿಂದೆ.