ಮಣಿಕರ್ಣಿಕೆಯ ಎದುರು, ಒಂದು ಸಂಕದ ಹೆಸರು

ಬೆಳಿಗ್ಗೆ ಆರಕ್ಕೆ ಕಾಶಿಯ ಕರ್ನಾಟಕ ಘಾಟಿನಲ್ಲಿ ದೋಣಿ ಹತ್ತಿದೆವು. ನಾನು, ಅಣ್ಣ, ಪುರೋಹಿತರು. ಅಣ್ಣನ ತೊಡೆಯ ಮೇಲೆ ಬಟ್ಟೆ ಸುತ್ತಿದ ಪುಟ್ಟ ಮಡಕೆ. ಅದರಲ್ಲಿ ದೊಡ್ಡಪ್ಪನ ಅಸ್ಥಿ.

ಹರಿಶ್ಚಂದ್ರ ಘಾಟ್, ಕೇದಾರ, ದಶಾಶ್ವಮೇಧ ದಾಟಿ ಮಣಿಕರ್ಣಿಕೆಯ ಎದುರು ದೋಣಿ ನಿಂತಿತು. ಮೆಟ್ಟಿಲ ಮೇಲೆ ಮನೆಯೆತ್ತರ ಸೌದೆ, ಅದರ ಕೆಳಗೆ ಉರಿಯುತ್ತಿರುವ ಚಿತೆಗಳು. ಇಲ್ಲಿ ಫೋಟೊ ತೆಗೆಯುವ ಹಾಗಿಲ್ಲ. ಫೋನನ್ನು ಜೇಬಿಗೆ ಹಾಕಿ ಆಚೆ ನೋಡಿದರೆ, ದೂರದಲ್ಲಿ ನದಿಗೆ ಅಡ್ಡಲಾಗಿ ಉದ್ದನೆಯ ಕಬ್ಬಿಣದ ಸೇತುವೆ. ಕೆಳಗೆ ರೈಲು, ಮೇಲೆ ರಸ್ತೆ.

"ಅದರ ಹೆಸರೇನು?" ಎಂದು ಕೇಳಿದೆ. ದೋಣಿಯವನು "ರಾಜ್‌ಘಾಟ್ ಪುಲ್" ಎಂದ.

1887ರಲ್ಲಿ ಶುರುವಾದಾಗ ಅದು ವೈಸರಾಯ್ ಹೆಸರಿನ ಡಫರಿನ್ ಸೇತುವೆ. 1948ರಲ್ಲಿ ಮಾಳವೀಯ ಸೇತುವೆಯಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕಟ್ಟಿದ ಮಾಳವೀಯರ ಮೇಲೆ ಈ ಊರಿಗೆ ಎಷ್ಟೇ ಗೌರವವಿದ್ದರೂ ದೋಣಿಯವನ ಬಾಯಲ್ಲಿ ಬಂದದ್ದು ದಡದ ಹೆಸರೇ.

ನಾನು ಅಣ್ಣನ ಮುಖ ನೋಡಿದೆ. ನಮ್ಮಿಬ್ಬರ ನಡುವೆ ಒಂದು ತಿಂಗಳಿಂದ ನಡೆದಿದ್ದ ವಾದವೇ ಅದು. ಅಂಕೋಲೆಯ ಕಡೆ ನಮ್ಮೂರಿನಲ್ಲಿ ಹಳ್ಳಕ್ಕೆ ಹೊಸ ಕಾಲುಸಂಕ ಆಗಿದೆ. ಅದಕ್ಕೆ ದೊಡ್ಡಪ್ಪನ ಹೆಸರಿಡಬೇಕೆಂದು ಅಣ್ಣ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದ. ನನಗೆ ಇಷ್ಟವಿರಲಿಲ್ಲ. "ಬೋರ್ಡಿನ ಮೇಲೆ ಎರಡು ಮಳೆಗಾಲ ಹೋದರೆ ಪಾಚಿ ಬರುತ್ತದೆ. ಯಾರು ಓದುತ್ತಾರೆ?" ಎಂದಿದ್ದೆ.

ಹಾಗೆನ್ನಲು ನನಗೆ ಸ್ವಂತ ಅನುಭವವಿತ್ತು. ನ್ಯೂಜೆರ್ಸಿಯಲ್ಲಿ ಆಫೀಸಿಗೆ ಹೋಗುವಾಗ ಎಂಟು ವರ್ಷ ಪುಲಾಸ್ಕಿ ಸ್ಕೈವೇ ಮೇಲೆ ಕಾರು ಓಡಿಸಿದ್ದೇನೆ. ನನಗೆ ಪುಲಾಸ್ಕಿ ಎಂದರೆ ಟ್ರಾಫಿಕ್ ಜಾಮ್, ಅಷ್ಟೇ. ಒಮ್ಮೆ ನಮ್ಮಲ್ಲಿಗೆ ಬಂದಿದ್ದ ದೊಡ್ಡಪ್ಪ ಬೋರ್ಡು ಓದಿ, "ಇವ ಯಾರೋ ತಮ್ಮಾ?" ಎಂದು ಕೇಳಿದ್ದರು. ಗೊತ್ತಿರಲಿಲ್ಲ. ರಾತ್ರಿ ಹುಡುಕಿ ಹೇಳಿದೆ: ಪೋಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆಂದು ಬಂದು, 1779ರಲ್ಲಿ ಸವಾನಾದಲ್ಲಿ ಗಾಯಗೊಂಡು ಸತ್ತ ಸೇನಾನಿ. "ಅಂದ್ರೆ ಇವನೂ ಪರದೇಶಕ್ಕೆ ಬಂದವ. ನಿಮ್ಮ ಹಾಗೇ" ಎಂದು ನಕ್ಕಿದ್ದರು.

ದೊಡ್ಡಪ್ಪ ಬಾಂಬೆ ಸ್ಯಾಪರ್ಸ್‌ನಲ್ಲಿದ್ದವರು. ಅದೇ ಪಡೆಯ, ಕಾರವಾರದ ಹತ್ತಿರದ ಚೆಂಡಿಯಾದ ರಾಮಾ ರಾಘೋಬಾ ರಾಣೆ ಅವರ ದೇವರು. 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ನೆಲಬಾಂಬು ತೆಗೆದು, ಅಡ್ಡಗಟ್ಟಿದ ಮರ ಸರಿಸಿ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ದೊಡ್ಡಪ್ಪ ತಮ್ಮ ಬಗ್ಗೆ ಹೇಳಿಕೊಂಡದ್ದು ಕಡಿಮೆ. ಹೇಳಿದರೆ ಬೈಲಿ ಸೇತುವೆಯ ಮಾತು. 2024ರಲ್ಲಿ ವಯನಾಡಿನ ಭೂಕುಸಿತದ ನಂತರ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಪಡೆ 190 ಅಡಿಯ ಒಂದನ್ನು ಕಟ್ಟಿತಲ್ಲ, ಅಂಥದ್ದು. ಒಂದೊಂದು ಚೌಕಟ್ಟು ಸುಮಾರು 260 ಕಿಲೋ, ಆರು ಜನ ಹೊರಬೇಕು. ಸೈನ್ಯ ದಾಟಿದ ಮೇಲೆ ಬಿಚ್ಚಿ ಲಾರಿಗೆ ಹಾಕಿ ಮುಂದಕ್ಕೆ. "ನಾವು ಕಟ್ಟಿದ ಯಾವ ಸೇತುವೆಗೂ ಹೆಸರಿಲ್ಲ" ಎನ್ನುತ್ತಿದ್ದರು. ಅದು ಹೆಮ್ಮೆಯೋ ಬೇಸರವೋ, ನಾನು ಕೇಳಲಿಲ್ಲ.

ನಮ್ಮ ಮಾತು ಸೇನೆಯದೆಂದು ಹೇಗೋ ತಿಳಿದ ದೋಣಿಯವನು ತಾನಾಗಿ ಹೇಳಿದ: "ನನ್ನ ಹೆಂಡತಿ ಊರು ಗಾಜಿಪುರ. ಅಲ್ಲಿ ಇದೇ ಗಂಗೆಗೆ ಹಮೀದ್ ಸೇತು ಇದೆ." ಗಾಜಿಪುರ ಜಿಲ್ಲೆಯ ಧಾಮೂಪುರದ ಅಬ್ದುಲ್ ಹಮೀದ್, 1965ರ ಸೆಪ್ಟೆಂಬರ್‌ನಲ್ಲಿ ಅಸಲ್ ಉತ್ತರ್‌ನಲ್ಲಿ ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು ಮಡಿದ ಯೋಧ. ಆ ಕಥೆಯನ್ನು ದೋಣಿಯವನು ಹುಟ್ಟು ಬಿಟ್ಟು, ಕೈಯೆತ್ತಿ ತೋರಿಸಿ ಹೇಳಿದ. ಬೋರ್ಡು ನೋಡಿ ಕಲಿತದ್ದಲ್ಲ, ಮನೆಯಲ್ಲಿ ಕೇಳಿದ್ದು.

ಆಗ ಪುರೋಹಿತರು ಸಂಕಲ್ಪಕ್ಕೆ ಹೆಸರು ಕೇಳಿದರು. ದೊಡ್ಡಪ್ಪನ ಹೆಸರು, ಅವರ ತಂದೆಯ ಹೆಸರು, ಅಜ್ಜನ ಹೆಸರು. ಮೂರನೆಯದಕ್ಕೆ ನಾನು ತಡವರಿಸಿದೆ. ಅಣ್ಣ ತಕ್ಷಣ ಹೇಳಿದ. ನನಗೆ ನಾಚಿಕೆಯಾಯಿತು. ನನ್ನ ರಕ್ತದ ಹೆಸರು ಮೂರನೇ ಮೆಟ್ಟಿಲಿಗೇ ಮರೆತಿದೆ, ನಾನು ಊರವರ ಮರೆವಿನ ಬಗ್ಗೆ ಮಾತಾಡುತ್ತಿದ್ದೆ!

ಮಡಕೆ ಬರಿದಾಯಿತು. ಬೂದಿ ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿ, ರಾಜ್‌ಘಾಟಿನ ಕಡೆ ಹೋಯಿತು. ಅಲ್ಲಿಂದ ಮುಂದೆ ಗಾಜಿಪುರ.

ವಾಪಸು ಬರುವಾಗ ಅಣ್ಣ ಹೇಳಿದ: "ಊರ ಮಕ್ಕಳು ಈಗಲೇ ಅದನ್ನ ಮಿಲಿಟ್ರಿ ಅಜ್ಜನ ಸಂಕ ಅಂತಾರೆ. ಯಾವ ಅಜ್ಜ ಅಂತ ಇನ್ನು ಇಪ್ಪತ್ತು ವರ್ಷಕ್ಕೆ ಗೊತ್ತಿರೋದಿಲ್ಲ. ಅದಕ್ಕೇ ಬೋರ್ಡು."

ನಾನು ಒಪ್ಪಿದೆ, ಒಂದು ಷರತ್ತಿನ ಮೇಲೆ. ಬರೀ ಹೆಸರು ಸಾಲದು, ಕೆಳಗೊಂದು ಸಾಲು ಬೇಕು. ದೋಣಿಯಲ್ಲೇ ಕೂತು ಇಬ್ಬರೂ ಬರೆದೆವು: "ಇವರು ಸೈನ್ಯದಲ್ಲಿ ಸೇತುವೆ ಕಟ್ಟುತ್ತಿದ್ದರು." ಪಂಚಾಯ್ತಿಯ ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಆ ಮಕ್ಕಳಿಗೆ ಕಥೆ ಹೇಳುವುದು ಅಣ್ಣನ ಕೆಲಸ. ಇಲ್ಲಿ ನನ್ನ ಮಗಳಿಗೆ ಹೇಳುವುದು ನನ್ನದು. ಮೊನ್ನೆ ಸ್ಕೈವೇ ಮೇಲೆ ಜಾಮ್‌ನಲ್ಲಿ ನಿಂತಾಗ ಪುಲಾಸ್ಕಿಯಿಂದಲೇ ಶುರು ಮಾಡಿದೆ.